ಏಳನೇ ಬಾಟಲಿಯ ನೀರು

ಬೆಳಗ್ಗೆ ಆರೂಕಾಲು. ಅಡುಗೆಮನೆಯ ನಲ್ಲಿಯ ಕೆಳಗೆ ಪಾತ್ರೆ ತೊಳೆಯುತ್ತಿದ್ದೇನೆ, ಕೈತುಂಬ ಸೋಪಿನ ನೊರೆ. ಬಾಗಿಲಲ್ಲಿ ಪರಿಚಿತ ದನಿ: "ಅಕ್ಕಾ, ನಲ್ಲಿ ನಿಲ್ಲಿಸ್ಬೇಡಿ. ಹಾಗೇ ಹರೀತಿರ್ಲಿ, ಬಂದೆ."

ಪಾತ್ರೆಗಳನ್ನು ಬದಿಗೆ ಸರಿಸಿ ಜಾಗ ಬಿಡುತ್ತೇನೆ. ಒಳಬಂದವರು ಹೆಗಲಿನಿಂದ ಐಸ್ ಪೆಟ್ಟಿಗೆ ಇಳಿಸುತ್ತಾರೆ. ಎರಡು ನಿಮಿಷ ನೀರು ಹರಿಯಲು ಬಿಟ್ಟು ನಲ್ಲಿ ನಿಲ್ಲಿಸುತ್ತಾರೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅದರ ಬಾಯಿ ಒರೆಸಿ, ಬೆಂಕಿ ತಾಗಿಸಿ, ಮತ್ತೆ ತಿರುವಿ, ಉಸಿರು ಬಿಗಿಹಿಡಿದು ಬಾಟಲಿ ತುಂಬಿಕೊಳ್ಳುತ್ತಾರೆ. ಮುಚ್ಚಳ ಬಿಗಿಯಾಗುವ ತನಕ ಒಂದು ಮಾತಿಲ್ಲ. ಆಮೇಲೆ ನಗುತ್ತಾರೆ: "ಮಾತಾಡಿದ್ರೆ ನನ್ನ ಬಾಯಲ್ಲಿರೋ ಕ್ರಿಮಿ ನಿಮ್ಮ ನಲ್ಲಿ ಲೆಕ್ಕಕ್ಕೆ ಬೀಳುತ್ತೆ."

ಸರ್ಕಾರಿ ನೀರು ಪರೀಕ್ಷಾಲಯಕ್ಕೆ ಮನೆಮನೆಯಿಂದ ನೀರಿನ ಮಾದರಿ ಒಯ್ಯುವ ಇವರು ನಮ್ಮ ಬೀದಿಗಳಿಗೆಲ್ಲ 'ಬಾಟಲಿ ಅಕ್ಕ'. "ಹೊಸಬರು ಕೇಳಿದ್ರೆ ನಾನೇನೋ ಕುಡುಕಿ ಅಂದ್ಕೋಬೇಕು, ಅಂಥಾ ಹೆಸರು," ಎಂದು ಅವರೇ ಹೇಳಿಕೊಳ್ಳುವುದುಂಟು. ವಯಸ್ಸು ನಲವತ್ನಾಲ್ಕು. ಗಂಡ ಸರಕು ಲಾರಿಯ ಚಾಲಕ, ಹದಿನೈದು ದಿನಕ್ಕೊಮ್ಮೆ ಮನೆ ಕಾಣುವವರು. ಐದನೇ ತರಗತಿಯ ಒಬ್ಬಳು ಮಗಳು. ದಿನಕ್ಕೆ ಹನ್ನೊಂದು ನಲ್ಲಿ, ಹೆಗಲಿಗೆ ಒಂಬತ್ತು ಕಿಲೋ, ಮೊದಲ ಬಾಟಲಿ ತುಂಬಿದ ಮೇಲೆ ಆರು ತಾಸಿನೊಳಗೆ ಎಲ್ಲವೂ ಪರೀಕ್ಷಾಲಯದ ಮೇಜಿನ ಮೇಲೆ. ಹನ್ನೆರಡು ವರ್ಷದಿಂದ ಇದೇ ನಡಿಗೆ. ಪೆಟ್ಟಿಗೆಯ ಪಟ್ಟಿ ಉಜ್ಜಿ ಉಜ್ಜಿ ಎಡಹೆಗಲಿನ ಚರ್ಮ ಕಪ್ಪಿಟ್ಟು ಗಟ್ಟಿಯಾಗಿದೆ.

ಈ ದಿನ ಅವರ ಹಿಂದೆ ನಾನೂ ಹೊರಡುತ್ತೇನೆ. ಮೂಲೆಮನೆಯ ಕಿಟಕಿ ತೆರೆಯುತ್ತದೆ, ಬಾಗಿಲು ತೆರೆಯುವುದಿಲ್ಲ. "ಏನಮ್ಮಾ, ಚರಂಡಿ ನೀರು ಇವತ್ತು ಎಷ್ಟು ಶುದ್ಧವಾಗಿದೆಯಂತೆ?" ಎಂದು ಕೇಳಿ ಮನೆಯಾಕೆ ಕಿಟಕಿ ಎಳೆದುಕೊಳ್ಳುತ್ತಾರೆ. ಮುಂದಿನ ಮನೆಯ ಮುದುಕ ದರ್ಜಿ ಒಳ್ಳೆಯ ಮಾತಿನಲ್ಲೇ ಬೇಡವೆಂದು ಕೈಬೀಸುತ್ತಾರೆ. "ಬೇಲೀನೇ ಎದ್ದು ಹೊಲ ಮೇಯೋ ಕಾಲ ಕಣಮ್ಮ. ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ನಿನ್ನ ಬಾಟಲಿ ಆ ಕಟ್ಟಡದ ಒಳಗೆ ಹೋದ್ಮೇಲೆ ಏನಾಗುತ್ತೋ ಯಾರಿಗೆ ಗೊತ್ತು? ಸುಮ್ನೆ ನನ್ನ ನಲ್ಲಿ ಯಾಕೆ ಸುಡ್ತೀಯ, ಹೋಗು."

ಬಾಟಲಿ ಅಕ್ಕ ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ನಡೆಯುತ್ತಾರೆ. ಹನ್ನೊಂದರಲ್ಲಿ ಇಂದು ತೆರೆದದ್ದು ಏಳೇ ಬಾಗಿಲು.

ಆಗಿದ್ದು ಇಷ್ಟು. ಇವರು ಮೊದಲು ಪರೀಕ್ಷಾಲಯದಲ್ಲಿ ಬಾಟಲಿ ತೊಳೆಯುತ್ತಿದ್ದವರು. ಈಗ ನಿವೃತ್ತರಾಗಿರುವ ಹಿರಿಯ ರಸಾಯನಜ್ಞರೊಬ್ಬರು ಕೆಲಸ ಕಲಿಸಿದರು, ಜೊತೆಗೊಂದು ಪದ್ಧತಿಯನ್ನೂ ಹಾಕಿಕೊಟ್ಟರು. ಪ್ರತಿ ತಿಂಗಳ ಮೊದಲ ಸೋಮವಾರ ಒಂದು ಬಾಟಲಿಗೆ ತರಕಾರಿ ಮಾರುಕಟ್ಟೆಯ ಹಿಂದಿನ ಚರಂಡಿಯಿಂದ ನೀರು ತುಂಬಬೇಕು. ತೆಳುಬಟ್ಟೆಯಲ್ಲಿ ಸೋಸಿ, ಉಳಿದವುಗಳಂತೆಯೇ ಸಂಖ್ಯೆ ಬರೆದು ನಡುವೆ ಇಡಬೇಕು. ಯಾವ ಸಂಖ್ಯೆ ಎಂಬುದು ತುಂಬಿದವರಿಗೆ ಮಾತ್ರ ಗೊತ್ತು. ಅದು ಕೆಟ್ಟದ್ದೆಂದೇ ಬರಬೇಕು; ಬಾರದಿದ್ದರೆ ಪರೀಕ್ಷೆಯಲ್ಲೇ ದೋಷವಿದೆ ಎಂದರ್ಥ. ಅದರ ಹೆಸರು ಸಾಕ್ಷಿ ಬಾಟಲಿ. "ನೀರನ್ನ ಪರೀಕ್ಷೆ ಮಾಡೋರನ್ನೂ ಯಾರಾದ್ರೂ ಪರೀಕ್ಷೆ ಮಾಡ್ಬೇಕು ಕಣಮ್ಮ, ಅಂದಿದ್ರು ಮೇಷ್ಟ್ರು," ಎನ್ನುತ್ತಾರೆ ಬಾಟಲಿ ಅಕ್ಕ.

ಈ ತಿಂಗಳ ಮೊದಲ ಸೋಮವಾರ ಸಾಕ್ಷಿ ಬಾಟಲಿಯ ಸಂಖ್ಯೆ ಏಳು. ಬುಧವಾರ ವರದಿ ಬಂತು. ಹನ್ನೆರಡು ಬಾಟಲಿಗಳ ಎದುರಿಗೂ ಒಂದೇ ಒಕ್ಕಣೆ: ಕುಡಿಯಲು ಯೋಗ್ಯ.

"ಮೊದ್ಲು ನಗು ಬಂತಕ್ಕ. ಚರಂಡಿ ನೀರು ಕುಡೀಬಹುದಂತೆ! ಪಾಪ, ಪರೀಕ್ಷೆ ಹುಡುಗಿ ಯಾವ್ದೋ ಯೋಚ್ನೇಲಿ ಏನೋ ಎಡವಟ್ಟು ಮಾಡಿದ್ದಾಳೆ, ಮೆಲ್ಲಗೆ ಹೇಳಿ ಸರಿ ಮಾಡ್ಸೋಣ ಅಂತ ಹೋದೆ."

ಪರೀಕ್ಷೆ ಮಾಡುವ ಹುಡುಗಿಯ ಮುಖ ಕೆಂಪಾಯಿತು. ತನ್ನ ಕೈಬರಹದ ಪುಸ್ತಕ ತಂದು ತೆರೆದಳು. ಮೂರು, ಏಳು, ಒಂಬತ್ತು: ಈ ಮೂರೂ ಸಂಖ್ಯೆಗಳ ಸುತ್ತ ಕೆಂಪು ಶಾಯಿ, ಎಂದರೆ ಕೆಟ್ಟ ನೀರು. "ಅಕ್ಕಾ, ನಾನು ಸರಿಯಾಗೇ ಬರ್ದಿದ್ದೀನಿ," ಎಂದಳಂತೆ.

ಪರೀಕ್ಷಾ ಕೊಠಡಿಯಿಂದ ಅಧಿಕಾರಿಯ ಕೋಣೆಗೆ ಹದಿನಾರು ಮೆಟ್ಟಿಲು. ಆ ಹದಿನಾರು ಮೆಟ್ಟಿಲು ಹತ್ತುವಷ್ಟರಲ್ಲಿ ನೀರು ಶುದ್ಧವಾಗಿತ್ತು.

ಬಾಟಲಿ ಅಕ್ಕನೂ ಮೆಟ್ಟಿಲು ಹತ್ತಿದರು. ಅಧಿಕಾರಿ ಗದರಲಿಲ್ಲ, ಕುರ್ಚಿ ತೋರಿಸಿದರು. ಶುಕ್ರವಾರ ಮಂತ್ರಿಗಳಿಂದ ಹೊಸ ನೀರಿನ ಟ್ಯಾಂಕಿನ ಉದ್ಘಾಟನೆ, ಅಷ್ಟರಲ್ಲಿ ಎಲ್ಲೂ ಕೆಂಪು ಶಾಯಿ ಕಾಣಬಾರದೆಂದು ಮೇಲಿನಿಂದ ಫೋನ್ ಬಂದಿದೆ ಎಂದರು. ಏಳನೆಯದು ಚರಂಡಿಯ ನೀರು ಎಂದು ಇವರು ಹೇಳಿದಾಗ ಹಣೆ ಚಚ್ಚಿಕೊಂಡರು. "ಅಯ್ಯೋ, ಮೊದ್ಲೇ ಹೇಳೋದಲ್ವೇನಮ್ಮ? ಅದೊಂದನ್ನ ಹಾಗೇ ಬಿಡ್ತಿದ್ವಿ!"

ಈ ಮಾತನ್ನು ನನಗೆ ಹೇಳುವಾಗ ಬಾಟಲಿ ಅಕ್ಕ ನಡುಬೀದಿಯಲ್ಲಿ ನಿಂತುಬಿಡುತ್ತಾರೆ. "ತಪ್ಪು ಮಾಡಿದ್ವಿ ಅಂತ ಅವ್ರಿಗೆ ಅನ್ನಿಸ್ಲೇ ಇಲ್ಲ ಅಕ್ಕ. ಸಿಕ್ಕಿಹಾಕೊಂಡ್ವಲ್ಲ ಅಂತ ಅಷ್ಟೇ. ಏಳನೇದಕ್ಕೆ ಕೆಂಪು ಹಾಕಿ ಹೊಸ ಹಾಳೆ ಕೊಡ್ತೀವಿ, ಮಾದರಿ ತಂದವಳು ಅಂತ ಸಹಿ ಹಾಕು ಅಂದ್ರು. ಮೂರೂ ಒಂಬತ್ತೂ ಯೋಗ್ಯ ಅಂತ್ಲೇ ಇರ್ಲಂತೆ."

ಸಹಿ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಆ ಎರಡು ಮನೆಗಳ ಬಾಗಿಲು ತಟ್ಟಿ, ಕುದಿಸದೆ ಕುಡಿಯಬೇಡಿ ಎಂದರು. ಮೂರನೇ ಬಾಟಲಿ ನನ್ನ ಮನೆಯದು. ಹಿಂದಿನ ಸಂಜೆಯಷ್ಟೇ ಜ್ವರದಿಂದ ಎದ್ದ ನನ್ನ ಚಿಕ್ಕ ಮಗನಿಗೆ ಅದೇ ನಲ್ಲಿಯ ನೀರು ಕುಡಿಸಿದ್ದೆ. ವರದಿಯ ಮೇಲೆ ಸರ್ಕಾರದ ಮೊಹರು ನೋಡಿದ ಮೇಲೆ ಮತ್ತೆ ಯಾರನ್ನು ಕೇಳುತ್ತೇವೆ?

ಸುದ್ದಿ ಬೀದಿಗೆ ಬಿತ್ತು. ವಿಚಾರಣೆ ನಡೆಸುತ್ತೇವೆಂದು ಹೇಳಿಕೆ ಬಂತು. ಕಚೇರಿಯ ಮಾಹಿತಿ ಹೊರಗೆ ಹೇಳಿದ್ದೇಕೆ ಎಂದು ಕಾರಣ ಕೇಳುವ ನೋಟಿಸ್ ಮಾತ್ರ ಬಾಟಲಿ ಅಕ್ಕನ ಕೈಗೆ ಬಂತು. ಅವರ ಗುತ್ತಿಗೆ ತಿಂಗಳ ಕೊನೆಗೆ, ಅಂದರೆ ಇನ್ನು ಎಂಟು ದಿನಕ್ಕೆ, ಮುಗಿಯುತ್ತದೆ. ನವೀಕರಣದ ಮಾತನ್ನು ಯಾರೂ ಎತ್ತುತ್ತಿಲ್ಲ. ಅವರಿಗೆ ಅದಕ್ಕಿಂತ ಹೆಚ್ಚು ಕೊರೆಯುತ್ತಿರುವುದು ಮುಚ್ಚಿದ ಬಾಗಿಲುಗಳು. "ಕೆಲ್ಸ ಹೋದ್ರೆ ಪಾತ್ರೆ ತೊಳೀತೀನಿ, ಗೊತ್ತಿರೋ ವಿದ್ಯೆ. ಆದ್ರೆ ನಾನು ಹೋದ ಮೇಲೆ ಬರೋಳಿಗೂ ಇವ್ರು ಬಾಗಿಲು ತೆಗೀದೇ ಇದ್ರೆ? ನಾಳೆ ನಿಜವಾಗ್ಲೂ ನೀರು ಕೆಟ್ಟಾಗ ಕುಡೀಬೇಡಿ ಅಂದ್ರೆ ಯಾರು ನಂಬ್ತಾರೆ?"

ಸಂಜೆ ಅವರ ಮನೆಯಲ್ಲಿ ಕೂತಿದ್ದೇನೆ. ಒಂದೇ ಕೋಣೆ, ಒಲೆಯ ಪಕ್ಕದಲ್ಲೇ ಹಾಸಿಗೆಯ ಸುರುಳಿ. ನಾಳೆಯ ಹನ್ನೊಂದು ಚೀಟಿಗಳಿಗೆ ಅವರು ಸಂಖ್ಯೆ ಬರೆಯುತ್ತಿದ್ದಾರೆ, ತೆರೆಯದ ನಾಲ್ಕು ಮನೆಗಳಿಗೂ ಸೇರಿಸಿ. ಮಗಳು ಗೋಡೆಗೆ ಒರಗಿ ಗಣಿತದ ಪುಸ್ತಕ ಹಿಡಿದಿದ್ದಾಳೆ. ಪುಟ ತಿರುಗಿಸಿದ್ದನ್ನು ನಾನು ಕಾಣೆ. "ಶಾಲೇಲಿ ರೇಗಿಸ್ತಾರೆ. ಎರಡು ವಾರದಿಂದ ಹೀಗೇ, ಏನೋ ನುಂಗ್ಕೊಂಡು ಕೂತಿದ್ದಾಳೆ," ಎಂದು ತಾಯಿ ನನ್ನ ಕಿವಿಯಲ್ಲಿ ಹೇಳುತ್ತಾರೆ. ಅವಸರ ಮಾಡಬೇಡಿ, ತಾನಾಗಿ ಬಾಯಿಬಿಡಲಿ ಎನ್ನುತ್ತೇನೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ಅವರು ಪೆನ್ನು ಕೆಳಗಿಡುತ್ತಾರೆ. "ದೊಡ್ಡದೇನಿಲ್ಲಕ್ಕ. ಹನ್ನೆರಡು ವರ್ಷ ನನ್ನ ಮಾತು ಕೇಳಿ ಜನ ನೀರು ಕುಡಿದಿದ್ದಾರೆ. ಒಬ್ರಿಗೂ ನಾನು ಸುಳ್ಳು ಹೇಳಿಲ್ಲ. ಅಷ್ಟು ಅವ್ರಿಗೆ ಗೊತ್ತಾದ್ರೆ ಸಾಕು."

ಮಗಳು ಪುಸ್ತಕ ಮುಚ್ಚುತ್ತಾಳೆ.

"ಅಮ್ಮಾ, ಸಾಕ್ಷಿ ಬಾಟಲಿ ತಿಂಗಳಿಗೆ ಒಂದೇ ದಿನ ಅಲ್ವಾ? ಮಿಕ್ಕ ದಿನ ಅವ್ರು ಮೇಲೆ ಏನ್ ಬರೆದ್ರೋ ನಿಂಗೂ ಗೊತ್ತಾಗಲ್ಲ, ಅಲ್ವಾ?"

ತಾಯಿ ತಲೆಯೆತ್ತುತ್ತಾರೆ.

"ಹೋದ ವರ್ಷ ಹಿಂದಿನ ಬೀದೀಲಿ ಮಕ್ಕಳಿಗೆಲ್ಲ ವಾಂತಿಭೇದಿ ಆಯ್ತಲ್ಲ, ಆಗ ನೀರಲ್ಲೇನೂ ದೋಷ ಇಲ್ಲ, ಧೈರ್ಯವಾಗಿ ಕುಡೀರಿ ಅಂತ ನೀನೇ ಮನೆಮನೆಗೆ ಹೇಳಿ ಬಂದೆ. ಅದು ನಿಜಾನೇನಮ್ಮಾ?"