ಈ ಮೇಲಿನ ಗುಮಾಸ್ತರು

ಪುರಸಭೆಯ ಸುಭಾಷ ಗುಮಾಸ್ತರಿಗೆ ಹೊಸ ಕಾನೂನಿನ ಕರಡನ್ನು ಊರಿಗೆಲ್ಲ ಓದಿ ಹೇಳುವುದೆಂದರೆ ಮದುವೆಯ ಕರೆಯೋಲೆ ಹಂಚಿದಷ್ಟು ಉಮೇದಿ. ಮೀನುಪೇಟೆಯಲ್ಲಿ ಬೈಸಿಕೊಂಡು, ತಕರಾರೊಂದಕ್ಕೆ ಎರಡು ಚಾ ಎಂಬ ದರದಲ್ಲಿ ವಾದ ಮಾಡಿ ಬರುತ್ತಿದ್ದ ಜೀವ ಅದು. ಎರಡು ಸಾವಿರದ ಏಳರಲ್ಲಿ ಕಂಪ್ಯೂಟರ್ ಬಂತು. ಕರಡು ಹೋಗುವುದೂ ತಕರಾರು ಬರುವುದೂ ಇ-ಮೇಲಿನಲ್ಲೇ ಎಂದಾಯಿತು. ಗುಮಾಸ್ತರನ್ನು ಮಾಳಿಗೆಗೆ ಏರಿಸಿದರು. ದಿನವೂ ಇಸ್ತ್ರಿಯ ಅಂಗಿ ತೊಟ್ಟು ಬಂದು, ನೆಂಟರಿಗೆ ಬಾಗಿಲು ತೆರೆದಂತೆ ಇನ್‌ಬಾಕ್ಸ್ ತೆರೆಯುತ್ತಾರೆ. ಏಳು ತಿಂಗಳಾದರೂ ಒಂದು ಬೈಗುಳವೂ ಬಂದಿಲ್ಲ. ರಸ್ತೆ ಬದಿ ಮೀನು ಮಾರಬಾರದೆಂಬ ಕರಡಿಗೂ ಊರು ಸುಮ್ಮನಿತ್ತು. ಗಡುವಿನ ಕಡೆಯ ದಿನ ಅವರ್ಸಾ ಹಳ್ಳಿಯಿಂದ ಬಂದು ರಸ್ತೆ ಬದಿ ಮೀನು ಮಾರುವ ಹೀರಾ ಬುಟ್ಟಿ ಸಮೇತ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ತಕರಾರು ಇ-ಮೇಲಿಗೆ ಎಂದದ್ದು ಅವಳ ಕಿವಿಗೆ ‘ಈ ಮೇಲೆ’ ಎಂದು ಬಿದ್ದಿತ್ತು. “ಕೆಳಗೇ ಕೂತಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು ಸಾಯೇಬ್ರೆ? ನನ್ನ ಜಾಗ ತೆಗೆದ್ರೆ ಈ ಬುಟ್ಟಿ ನಿಮ್ಮ ಮೇಜಿನ ಮೇಲೇ ಇಡ್ತೆ, ನೋಡಿ!” ಗುಮಾಸ್ತರು ಆ ತಕರಾರನ್ನು ಬೈಗುಳ ಸಮೇತ ಟೈಪು ಮಾಡಿ, ತಮಗೆ ತಾವೇ ಕಳಿಸಿಕೊಂಡು, ಬಂದದ್ದನ್ನು ಎರಡು ಸಲ ಓದಿದರು. ಅವಳ ತಪ್ಪನ್ನು ಮಾತ್ರ ತಿದ್ದಲಿಲ್ಲ. “ಹೀರಕ್ಕಾ, ಉಳಿದವ್ರಿಗೂ ಹೇಳು,” ಎಂದರು, “ಸಂಜೆಯೊಳಗೆ ಎಲ್ರೂ ಈ ಮೇಲೇ ಬರ್ಬೇಕಂತೆ.”