ಲಾಂಜಿನಲ್ಲಿ ಮಲಗಿದ್ದ ಹೆಂಗಸು

ದೆವ್ವ, ಗಾಳಿ, ಮೈಮೇಲೆ ಬರುವುದು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇದೆ ಎಂದು ಹೇಳಲಾರೆ. ತಮಿಳುನಾಡು-ಕೇರಳ ಗಡಿಯ ಬೋಡಿಮೆಟ್ಟು ಘಾಟಿ ಹತ್ತಿಳಿಯುವ ಜೀಪಿನವರಲ್ಲಿ ಒಬ್ಬೊಬ್ಬರ ಹತ್ತಿರವೂ ಇಂಥ ಒಂದು ಕತೆ ಇರುತ್ತದೆ. ಯಾರಾದರೂ ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಟೀ ಕುಡಿಯಲು ಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ನಾನು ಏಲಕ್ಕಿ ವ್ಯಾಪಾರಿ. ಬೋಡಿಯಲ್ಲಿ ಅಂಗಡಿ, ಹನುಮಂತನಪಟ್ಟಿಯಲ್ಲಿ ಮನೆ. ಮನೆಯೊಳಗೆ ನಮ್ಮದು ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈ ಬರೆಯುವ ಕನ್ನಡವನ್ನು ನಾನು ಕಲಿತದ್ದು ವ್ಯಾಪಾರಕ್ಕೆಂದು ಸಕಲೇಶಪುರ, ಮಡಿಕೇರಿಯಲ್ಲಿ ಕಳೆದ ವರ್ಷಗಳಲ್ಲಿ. ಮನೆಯ ಕನ್ನಡವೇ ಬೇರೆ. ಅದನ್ನು ನಮ್ಮ ಜನ ಬಿಟ್ಟರೆ ಬೇರೆ ಯಾರೂ ಆಡುವುದಿಲ್ಲ. ನಮ್ಮ ಮಕ್ಕಳೇ ಈಗ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನಾನು ಯಾಕೆ ಹೆದರಿದೆ ಎಂಬುದು ನಿಮಗೆ ತಿಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹೈದರಾಬಾದಿಗೆ ಹೋಗಬೇಕಿತ್ತು. ಮಧುರೆಯ ವಿಮಾನ ನಿಲ್ದಾಣಕ್ಕೆ ಬಂದರೆ ವಿಮಾನ ತಡ ಎಂದರು. ಬ್ಯಾಂಕಿನ ಕಾರ್ಡು ತೋರಿಸಿದರೆ ಲಾಂಜಿನಲ್ಲಿ ಕೂರಲು ಬಿಡುತ್ತಾರೆ, ಊಟವೂ ಸಿಗುತ್ತದೆ ಎಂದು ಮಗಳು ಹೇಳಿದ್ದಳು. ಮೊದಲ ಸಲ ಒಳಗೆ ಹೋದೆ. ಅಂಥ ದೊಡ್ಡ ಜಾಗವಲ್ಲ. ಒರಗುವ ಕುರ್ಚಿಗಳು, ಸದ್ದು ತೆಗೆದಿಟ್ಟ ಟಿವಿ, ಮುಚ್ಚಳದ ಪಾತ್ರೆಗಳಲ್ಲಿ ಇಡ್ಲಿ, ಪೊಂಗಲ್, ಒಂದು ಕಾಫಿ ಯಂತ್ರ. ಗಾಜಿನಾಚೆ ರನ್‌ವೇ ಮೇಲೆ ನಡುಮಧ್ಯಾಹ್ನದ ಬಿಸಿಲು. ಜನ ಹೆಚ್ಚಿರಲಿಲ್ಲ.

ಕಾಫಿ ಹಿಡಿದು ಕಿಟಕಿಯ ಪಕ್ಕ ಕುಳಿತೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ನಲವತ್ತರ ಆಸುಪಾಸು. ನೀಲಿ ಕುರ್ತಾ, ಕತ್ತರಿಸಿದ ಕೂದಲು, ಮಡಿಲಲ್ಲಿ ಲ್ಯಾಪ್‌ಟಾಪಿನ ಚೀಲ. ದೊಡ್ಡ ಊರಿನಲ್ಲಿ ಕೆಲಸದಲ್ಲಿರುವವಳು ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ನಾನು ಫೋನಿನಲ್ಲಿ ಏಲಕ್ಕಿಯ ದರ ನೋಡುತ್ತಿದ್ದೆ.

"ನೀನು ಸುಂಡಿ ಮಗನ್ ತಾನೆ?"

ನಮ್ಮ ಮನೆಯ ಕನ್ನಡ. ತಿರುಗಿ ನೋಡಿದೆ. ಆ ಹೆಂಗಸು ಕಣ್ಣು ತೆರೆದಿದ್ದಳು, ಆದರೆ ನನ್ನನ್ನು ನೋಡುತ್ತಿರಲಿಲ್ಲ, ಗಾಜಿನ ಕಡೆ ನೋಡುತ್ತಿದ್ದಳು. ಹೆಂಗಸಿನ ದನಿಯೂ ಅಲ್ಲ ಅದು, ಹುಡುಗಿಯ ದನಿ. ನಮ್ಮ ಜನ ಎಲ್ಲೆಲ್ಲೋ ಹರಡಿದ್ದಾರೆ, ಯಾವುದೋ ಸಂಬಂಧದವಳು ಇರಬೇಕು, ನನ್ನನ್ನು ಬೇರೆ ಯಾರೋ ಎಂದು ತಿಳಿದಿದ್ದಾಳೆ ಎಂದುಕೊಂಡು, "ಯಾವ ಸುಂಡಿ ಅಮ್ಮಾ?" ಎಂದೆ.

"ಅವಳ್ಗೆ ಹೇಳು. ಕಡಸು ಸಿಕ್ತು. ನಾ ಬರಾಕಿಲ್ಲ, ಕಾಯ್ಬ್ಯಾಡ ಅಂತ ಹೇಳ್ಬುಡು."

ಮಾತಾಡುತ್ತಲೇ ಅವಳು ಇಯರ್‌ಫೋನಿನ ವೈರನ್ನು ಅಂಗೈ ಮತ್ತು ಮೊಣಕೈ ನಡುವೆ ಸುತ್ತುತ್ತಿದ್ದಳು. ಸುತ್ತಿ ಮುಗಿಸಿ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಇನ್ನೇನಾದರೂ ಹೇಳುತ್ತಾಳೆಂದು ಕಾದೆ. ಉಸಿರು ನಿಧಾನವಾಗಿ ಏರಿಳಿಯುತ್ತಿತ್ತು. ನಿದ್ದೆ ಹೋಗಿದ್ದಳು.

ನಾನೇ ತೂಕಡಿಸಿ ಕನಸು ಕಂಡಿರಬಹುದು ಎಂದು ನಿಮಗೆ ಅನ್ನಿಸಬಹುದು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಆದರೆ ಲೋಟ ತೆಗೆದುಕೊಂಡು ಹೋಗಲು ಬಂದ ಅಲ್ಲಿನ ಕೆಲಸದ ಹುಡುಗಿ ತಮಿಳಿನಲ್ಲಿ, "ಅವಂಗ ಉಂಗ ಊರಾ ಸಾರ್? ಎನ್ನ ಬಾಷೆ ಪೇಸಿನೀಂಗ?" ಎಂದಳು. ಅವರು ನಿಮ್ಮೂರಿನವರಾ, ಯಾವ ಭಾಷೆಯಲ್ಲಿ ಮಾತಾಡಿಕೊಂಡಿರಿ ಎಂದು ಕೇಳಿದ್ದು. ತನ್ನ ಬಳಿ ಆಕೆ ಹಿಂದಿಯಲ್ಲಿ ಟೀ ಕೇಳಿದ್ದರು, ಅದಕ್ಕೇ ಆಶ್ಚರ್ಯವಾಯಿತು ಎಂದೂ ಸೇರಿಸಿದಳು.

ವಿಮಾನಕ್ಕೆ ಕರೆದಾಗ ಆ ಹೆಂಗಸು ಎದ್ದಳು. ಸಾಲಿನಲ್ಲಿ ಅವಳ ಹಿಂದೆಯೇ ನಿಂತೆ. "ಯಾರ್ ಮನೆಯೋರಮ್ಮಾ ನೀವು?" ಎಂದು ನಮ್ಮ ಮಾತಿನಲ್ಲೇ ಕೇಳಿದೆ. ಅವಳು ತಿರುಗಿ ನಕ್ಕು, ಕ್ಷಮಿಸಿ, ನನಗೆ ತಮಿಳು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಪುಣೆಯವಳಂತೆ. ಕಂಪನಿಯ ಕೆಲಸಕ್ಕೆ ಬಂದವಳು ಮೀನಾಕ್ಷಿ ಗುಡಿ ನೋಡಿಕೊಂಡು ಹೈದರಾಬಾದಿನ ಮೇಲೆ ವಾಪಸು ಹೊರಟಿದ್ದಳು. ಒಳಗೆ ನನ್ನ ಜೊತೆ ಮಾತಾಡಿದಿರಲ್ಲ ಎಂದರೆ ಗಾಬರಿಯಾದವಳಂತೆ ನೋಡಿದಳು. ಇಲ್ಲ, ನಾನು ಮಲಗಿಬಿಟ್ಟಿದ್ದೆ ಎಂದಳು. ಸುಳ್ಳು ಹೇಳುವ ಮುಖವಲ್ಲ ಅದು. ಈಗ ಅವಳ ದನಿ ಪೂರಾ ಬೇರೆಯಾಗಿತ್ತು, ಗಡುಸಾಗಿತ್ತು.

ಹೈದರಾಬಾದಿನಿಂದ ಹೆಂಡತಿಗೆ ಫೋನು ಮಾಡಿ, ನಮ್ಮ ಕಡೆ ಸುಂಡಿ ಎನ್ನುವವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಸುಂಡೆಕಾಯಿಯ ಹೆಸರು ಯಾರಿಗಾದರೂ ಇಡುತ್ತಾರಾ ಎಂದು ನಕ್ಕಳು.

ಊರಿಗೆ ಮರಳಿದ ದಿನ ಅಮ್ಮ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಎಂಬತ್ತರ ಹತ್ತಿರ. ಕಣ್ಣು ಮಂಜು, ಕಿವಿ ಚುರುಕು. ಅವಳ ಹೆಸರು ಸೀರಂಗಮ್ಮ. ಬೇರೆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಊಟದ ನಂತರದ ಹರಟೆಯಂತೆ ನಡೆದದ್ದನ್ನು ಹೇಳುತ್ತಾ ಹೋದೆ. ಸುಂಡಿ ಎಂದೊಡನೆ ಅವಳ ಕೈ ನಿಂತಿತು. ಕಡಸಿನ ಮಾತು ಬಂದಾಗ ಮೊರವನ್ನು ಪಕ್ಕಕ್ಕಿಟ್ಟಳು. ವೈರಿನ ವಿಷಯ ನಾನು ಹೇಳಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು:

"ಕೈಯಾಗೆ ಹಗ್ಗ ಇತ್ತಾ?"

ದನ ಮೇಯಿಸುವವರು ಹಗ್ಗ ಸುತ್ತುವುದೂ ಅಂಗೈ, ಮೊಣಕೈ ನಡುವೆಯೇ.

ಆಮೇಲೆ ಅಮ್ಮ ಹೇಳಿದ್ದು ಇದು. ಅವಳಿಗೊಬ್ಬ ಅಕ್ಕ ಇದ್ದಳು, ರಾಮಕ್ಕ. ನಾನು ಆ ಹೆಸರು ಕೇಳಿದ್ದು ಅವತ್ತೇ ಮೊದಲು. ತಾತ ಬೋಡಿಮೆಟ್ಟಿನ ಕೆಳಗೆ ಏಲಕ್ಕಿ ತೋಟದ ಕಾವಲಿಗಿದ್ದ ಕಾಲ, ಕುಟುಂಬವೆಲ್ಲ ಅಲ್ಲೇ ಗುಡಿಸಲಲ್ಲಿತ್ತು. ಒಂದು ಸಾಯಂಕಾಲ ಕಡಸೊಂದು ಕೊಟ್ಟಿಗೆಗೆ ಬರಲಿಲ್ಲ. ರಾಮಕ್ಕ ಹಗ್ಗ ಹಿಡಿದು ಹುಡುಕಲು ಹೊರಟಳು. ಇನ್ನೂ ಮದುವೆಯಾಗದ ಹುಡುಗಿ. ಜೊತೆಗೆ ಹೋದವನು ಅವರ ದೊಡ್ಡಪ್ಪನ ಮಗ, ಅಣ್ಣನ ವರಸೆಯ ಬೊಮ್ಮಯ್ಯ. ಅಮ್ಮನೂ ಹೋಗುತ್ತೇನೆಂದು ಹಟ ಹಿಡಿದಾಗ, "ನೀ ಇಲ್ಲೇ ಇರು ಸುಂಡಿ, ಬಂದ್ಬುಡ್ತೀನಿ" ಎಂದಳಂತೆ. ಆ ಹೆಸರಿಟ್ಟವಳೂ ಅವಳೇ, ಕರೆಯುತ್ತಿದ್ದವಳೂ ಅವಳೊಬ್ಬಳೇ.

ಬೊಮ್ಮಯ್ಯ ಒಬ್ಬನೇ ವಾಪಸು ಬಂದ. ರಾಮಕ್ಕ ಮೇಲಿನ ರಸ್ತೆಯಲ್ಲಿ ಯಾರದೋ ಜೊತೆ ಲಾರಿ ಹತ್ತಿ ಮುನ್ನಾರಿನ ಕಡೆ ಹೋದಳು, ಕಣ್ಣಾರೆ ಕಂಡೆ ಎಂದ. ಎಲ್ಲರೂ ಅದನ್ನೇ ನಂಬಿದರು. ಓಡಿಹೋದವಳ ಹೆಸರು ಈ ಮನೆಯಲ್ಲಿ ಎತ್ತಬಾರದು ಎಂದ ತಾತ. ಎತ್ತಲೂ ಇಲ್ಲ.

"ಓಡೋಗಿದ್ರೂ ಒಂದಿನ ಬತ್ತಾಳೆ ಅಂದ್ಕಂಡಿದ್ದೆ," ಎಂದಳು ಅಮ್ಮ. "ಎಲ್ಲಾನಾ ಮಕ್ಳುಮರಿ ಮಾಡ್ಕಂಡಿರ್ತಾಳೆ, ಒಂದಿನ ಬತ್ತಾಳೆ ಅಂತ. ಪಾವಂ, ಕಡಸು ಹುಡುಕ್ತಾನೇ ಸತ್ತವ್ಳೆ."

ಅವಳು ಅಳಲಿಲ್ಲ. ನನಗೇ ಹೆದರಿಕೆಯಾಯಿತು. ಯಾವುದೋ ಪರಸ್ಥಳದ ಹೆಂಗಸು ನಿದ್ದೆಗಣ್ಣಲ್ಲಿ ಬಡಬಡಿಸಿದ್ದನ್ನು ನಂಬಿ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬೇಡಮ್ಮಾ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅಕ್ಕನಿಗೆ ಕನ್ನಿ ಪೂಜೆ ಮಾಡಬೇಕು, ಎಲ್ಲ ಸಂಬಂಧಿಕರನ್ನೂ ಕರೆಯಬೇಕು ಎಂದಳು. ಮದುವೆಯಾಗದೆ ಸತ್ತ ಹುಡುಗಿಯನ್ನು ನಮ್ಮಲ್ಲಿ ಕನ್ನಿ ಎಂದು ಪೂಜಿಸುತ್ತಾರೆ. ಓಡಿಹೋದವಳಿಗೆ ಅದು ಸಲ್ಲುವುದಿಲ್ಲ. ಅಮ್ಮನ ಹಟ ಅದಕ್ಕೇ ಇತ್ತು.

ಥೇಣಿಗೆ ಹೋಗಿ ಹೊಸ ಲಂಗ, ದಾವಣಿ, ಬಳೆ, ಕನ್ನಡಿ, ಬಾಚಣಿಗೆ ತಂದೆ. ಒಂದು ಶುಕ್ರವಾರ ಬೆಳಿಗ್ಗೆ ನಡುಮನೆಯಲ್ಲಿ ಅವುಗಳನ್ನಿಟ್ಟು ಪೊಂಗಲ್ ಎಡೆಯಿಟ್ಟೆವು. ನೆಂಟರಲ್ಲಿ ಗುಸುಗುಸು ಶುರುವಾಯಿತು. ಸತ್ತಳೆಂದು ಹೇಳಿದವರು ಯಾರು ಎಂದು ಒಬ್ಬರು ಕೇಳಿಯೇಬಿಟ್ಟರು. "ನನ್ ಮಗ ಕೇಳವ್ನೆ," ಎಂದಳು ಅಮ್ಮ. ಎಲ್ಲರೂ ನನ್ನ ಕಡೆ ತಿರುಗಿದರು. ಇಂಥದ್ದನ್ನೆಲ್ಲ ನಂಬದವನು ಎಂದು ಊರಿಗೇ ಗೊತ್ತಿದ್ದ ನಾನು ಎದ್ದು ನಿಂತು, ಹೌದು, ಕೇಳಿದೆ ಎಂದೆ. ಅಮ್ಮ ರಾಮಕ್ಕನ ಹೆಸರು ಕೂಗಿ ಆರತಿ ಎತ್ತಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈ ಮುಗಿದರು.

ಇನ್ನೊಂದು ಸಂಗತಿ ಉಳಿದಿದೆ. ಅದನ್ನು ಅಮ್ಮನಿಗೂ ಹೇಳಿಲ್ಲ.

ಹೈದರಾಬಾದಿನಲ್ಲಿ ಇಳಿದು ಪೆಟ್ಟಿಗೆಗಾಗಿ ಕಾಯುತ್ತಿದ್ದಾಗ ಆ ಪುಣೆಯ ಹೆಂಗಸು ತಾನಾಗಿಯೇ ನನ್ನ ಹತ್ತಿರ ಬಂದಿದ್ದಳು. ಸಂಕೋಚಪಡುತ್ತಾ, ನಿಮ್ಮ ಭಾಷೆಯಲ್ಲಿ ಇದಕ್ಕೆ ಅರ್ಥವಿದೆಯೇ, ಎದ್ದಾಗಿನಿಂದ ನಾಲಗೆಯಿಂದ ಹೋಗುತ್ತಿಲ್ಲ ಎಂದಳು. ಒಂದೊಂದೇ ಅಕ್ಷರ ಜೋಡಿಸಿ ಹೇಳಿದಳು: "ತಳ್ಳಬ್ಯಾಡ ಅಣ್ಣಾ."

ಅರ್ಥ ಹೇಳಿದೆ. ಸಾಲಿನಲ್ಲಿ ಯಾರೋ ಯಾರಿಗೋ ಅಂದದ್ದು ಕಿವಿಗೆ ಬಿದ್ದಿರಬೇಕು ಎಂದು ಅವಳು ನಕ್ಕಳು. ನಾನೂ ನಕ್ಕೆ. ಅವಳ ಪೆಟ್ಟಿಗೆ ಬಂತು, ಹೋದಳು.

ಪೂಜೆಯ ದಿನ ಬೊಮ್ಮಯ್ಯ ಮಾಮ ಬಂದಿದ್ದರು. ತುಂಬಾ ವಯಸ್ಸಾಗಿದೆ, ಮೊಮ್ಮಗಳ ಕೈ ಹಿಡಿದು ನಡೆಯುತ್ತಾರೆ. ಕೊನೆಯವರೆಗೂ ಗೋಡೆಗೆ ಒರಗಿ ಕುಳಿತಿದ್ದರು, ಎಡೆಯ ಹತ್ತಿರ ಬರಲಿಲ್ಲ. ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ನಾವಿಬ್ಬರೇ. ನೀರು ಹುಯ್ಯುತ್ತಿದ್ದೆ. ತಲೆ ಎತ್ತದೆ ಕೇಳಿದರು:

"ತಂಬಿ, ಅವ್ಳು ಬೇರೆ ಏನಾನಾ ಹೇಳಿದ್ಲಾ?"

ಇಲ್ಲ ಮಾಮ ಎಂದೆ. ಅವರು ಇನ್ನೊಮ್ಮೆ ಕೈ ಚಾಚಿದರು. ನಾನು ಇನ್ನೊಂದು ಚೊಂಬು ನೀರು ಹುಯ್ದೆ.