ತಪ್ಪಿದರೆ ಮತ್ತೆ ಮೊದಲಿನಿಂದ

ಬೆಂಗಳೂರಿಗೆ ಬಂದಿಳಿದ ದಿನವೇ ನಾನೊಂದು ಘೋಷಣೆ ಮಾಡಿದೆ. "ಕನ್ನಡ ಏನ್ ಬಿಡ್ರೀ, ಅರಳು ಹುರಿದಂಗ ಮಾತಾಡ್ತೀನಿ. ಬೇಕಾದ್ರ ನಿದ್ದಿಗಣ್ಣಾಗ ಭಾಷಣ ಮಾಡ್ತೀನಿ."

ಕೇಳಿಸಿಕೊಂಡವರು ನಮ್ಮ ಚರ್ಚಿನ ಸಭೆಯ ಅಧ್ಯಕ್ಷರು. ಹುಬ್ಬೇರಿಸಿ, "ಹುಬ್ಬಳ್ಳಿ ಕಡೆಯವ್ರಾ?" ಅಂದರು.

"ಅಲ್ರೀ, ನೈರೋಬಿ ಕಡೆಯವ್ರು."

ಸುಳ್ಳಲ್ಲ. ಅಪ್ಪ ಗದಗದಿಂದ ಹೋಗಿ ನೈರೋಬಿಯ ಹೋಟೆಲೊಂದರಲ್ಲಿ ಅಡುಗೆಗೆ ನಿಂತವರು. ನಾನು ಹುಟ್ಟಿ ಬೆಳೆದದ್ದು ಅಲ್ಲೇ, ನಮ್ಮ ಮನೆಯವರು ಮಾರ್ಮನ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ್ದೂ ಅಲ್ಲೇ. ನಮ್ಮ ಹುಡುಗರು ಹದಿನೆಂಟು ದಾಟಿದ ಮೇಲೆ ಎರಡು ವರ್ಷ ಮಿಷನರಿ ಸೇವೆಗೆ ಹೋಗುವುದು ರೂಢಿ. ಯಾವ ದೇಶವೆಂದು ನಾವು ಆರಿಸುವಂತಿಲ್ಲ. ನನಗೆ ಬಂದದ್ದು ಬೆಂಗಳೂರು. ಅವ್ವ ಅತ್ತಳು, ನಾನು ನಕ್ಕೆ. ವಿದೇಶವೂ ಆಯಿತು, ಭಾಷೆ ಕಲಿಯುವ ತಾಪತ್ರಯವೂ ತಪ್ಪಿತು. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕೈಗೆ ಸಿಕ್ಕ ಹಾಗೆ.

ಮಿಷನರಿ ಒಬ್ಬನೇ ಓಡಾಡುವಂತಿಲ್ಲ, ಸದಾ ಜೋಡಿ. ಕೊತ್ತಂಬರಿ ಸೊಪ್ಪು ತರುವುದಕ್ಕೂ ಇಬ್ಬರು, ಕ್ಷೌರಕ್ಕೂ ಇಬ್ಬರು. ನನ್ನ ಜೊತೆಗಾರ ಫಿಜಿ ದ್ವೀಪದವನು, ನನ್ನ ಬಾಯಲ್ಲಿ ಅವನ ಹೆಸರೂ ಫಿಜಿಯೇ. ಲಿಂಗರಾಜಪುರದ ನಮ್ಮ ಬಾಡಿಗೆ ಮನೆಗೆ ಅವನು ಬಗ್ಗಿ ಒಳಬಂದರೆ ಮಟಮಟ ಮಧ್ಯಾಹ್ನವೇ ಕೋಣೆಯಲ್ಲಿ ಸಂಜೆಯಾಗುತ್ತಿತ್ತು. ಕನ್ನಡದಲ್ಲಿ ಅವನಿಗೆ ಬಸ್ಸಿನ ಟಿಕೆಟ್ ಕೇಳಲು ಬೇಕಾದಷ್ಟು ಬರುತ್ತಿತ್ತು, ಜೊತೆಗೆ "ಪರವಾಗಿಲ್ಲ" ಎಂಬ ಒಂದು ಮಾತು. ಆ ಒಂದು ಮಾತಿನಲ್ಲೇ ಅವನು ಈ ಊರನ್ನೆಲ್ಲ ನಿಭಾಯಿಸುತ್ತಿದ್ದ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬ್ಯಾಡ್ಜು ಹಾಕಿಕೊಂಡು ನಾವು ಶಿವಾಜಿನಗರದ ಮಾರುಕಟ್ಟೆಗೆ ಕಾಲಿಟ್ಟರೆ, ಹಣ್ಣಿನ ಅಂಗಡಿಯವರು ದೂರದಿಂದಲೇ ಕೈಯಾಡಿಸುತ್ತಿದ್ದರು: "ಲೋನ್ ನಕ್ಕೋ ಭಾಯ್, ಕ್ರೆಡಿಟ್ ಕಾರ್ಡ್ ಭೀ ನಕ್ಕೋ!"

ನನ್ನ ಘೋಷಣೆಗೆ ಫಲ ಮೊದಲ ಭಾನುವಾರವೇ ಸಿಕ್ಕಿತು.

ನಮ್ಮಲ್ಲಿ ಸಂಬಳದ ಪಾದ್ರಿಗಳಿಲ್ಲ. ವಾರವೆಲ್ಲ ಇಂದಿರಾನಗರದ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವವರೇ ಭಾನುವಾರ ನಮ್ಮ ಅಧ್ಯಕ್ಷರು. ಪ್ರತಿ ವಾರ ಯೇಸುವಿನ ನೆನಪಿಗೆ ಬ್ರೆಡ್ಡಿನ ಚೂರು ಮತ್ತು ನೀರನ್ನು ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚುತ್ತೇವೆ. ಆ ಪ್ರಾರ್ಥನೆ ಚಿಕ್ಕದು, ಕಾರ್ಡಿನಲ್ಲಿ ಅಚ್ಚಾಗಿರುತ್ತದೆ, ನೋಡಿಕೊಂಡೇ ಓದಬಹುದು. ಆದರೆ ಒಂದು ಪದವೂ ಆಚೀಚೆ ಆಗುವಂತಿಲ್ಲ. ಆಯಿತೋ, ಅಧ್ಯಕ್ಷರು ಕೂತಲ್ಲೇ ತಲೆ ಅಲ್ಲಾಡಿಸುತ್ತಾರೆ, ಮೊಣಕಾಲೂರಿದ ಹುಡುಗ ಮತ್ತೆ ಮೊದಲಿನಿಂದ ಹೇಳಬೇಕು. ಸರಿಯಾಗಿ ಬಂದರೆ ತಲೆದೂಗುತ್ತಾರೆ. ಚಪ್ಪಾಳೆ ಗಿಪ್ಪಾಳೆ ಏನೂ ಇಲ್ಲ.

"ನಮ್ ಹುಡುಗ್ರು ಕನ್ನಡ ಮಾತಾಡ್ತಾರೆ, ಓದೋಕ್ ಬರಲ್ಲ. ಅದಕ್ಕೇ ಯಾವಾಗ್ಲೂ ಇಂಗ್ಲಿಷಲ್ಲೇ ಹೇಳ್ಬಿಡ್ತಾರೆ," ಎಂದರು ಅಧ್ಯಕ್ಷರು. "ನೀವು ಓದ್ತೀರಲ್ಲ?"

ನೈರೋಬಿಯ ಅಡುಗೆಮನೆಯಲ್ಲಿ ಅವ್ವ ಲಟ್ಟಣಿಗೆ ತೋರಿಸಿ ಕಲಿಸಿದ ಅಕ್ಷರಗಳು. ಓದದೆ ಏನು? "ಒಮ್ಮೆ ಅಭ್ಯಾಸ ಮಾಡ್ಕೊಳ್ಳಿ," ಎಂದವರಿಗೆ, "ಹುಲಿಗೆ ಬೇಟಿ ಕಲಿಸ್ತೀರೇನ್ರೀ?" ಎಂದುಬಿಟ್ಟೆ.

ಮೊಣಕಾಲೂರಿದೆ. ಮೈಕು ಹತ್ತಿರ ಬಂತು. ಮೊದಲ ಸಾಲು ಓದುವಾಗಲೇ ನನಗನಿಸಿತು, ಪ್ರಾರ್ಥನೆ ತುಸು ಸಪ್ಪೆಯಾಗಿದೆ. ದೇವರಿಗೊಂದು "ಕರುಣಾಸಾಗರ" ಸೇರಿಸಿದೆ. ಊಟಕ್ಕೆ ಉಪ್ಪಿನಕಾಯಿ ಬೇಡವೇ? ಅಧ್ಯಕ್ಷರ ತಲೆ ಅಲ್ಲಾಡಿತು. ಮುಂದಿನ ಸಲ ಕರುಣಾಸಾಗರನನ್ನು ಹೊರಗಿಡುವ ಆತುರದಲ್ಲಿ ಒಂದು ಇಡೀ ಸಾಲನ್ನೇ ಹೊರಗಿಟ್ಟೆ. ತಲೆ ಮತ್ತೆ ಅಲ್ಲಾಡಿತು. ಮೂರನೆಯ ಸಲ ಕೊನೆಯ ಸಾಲಿನ ಹತ್ತಿರ ಬಂದಾಗ ಅಕ್ಷರಗಳೆಲ್ಲ ಇರುವೆಗಳಾಗಿ ಕಾರ್ಡಿನಿಂದಿಳಿದು ನನ್ನ ಟೈ ಹತ್ತತೊಡಗಿದವು. ಕೊನೆಗೆ ಬಾಯಿಂದ ಬರೀ ಗಾಳಿ ಬಂತು. ಅಧ್ಯಕ್ಷರು ಒಬ್ಬ ಹುಡುಗನಿಗೆ ಸನ್ನೆ ಮಾಡಿದರು. ಅವನು ಬಂದು ಇಂಗ್ಲಿಷಿನಲ್ಲಿ ಮುಗಿಸಿದ.

ಆ ವಾರವೆಲ್ಲ ನನ್ನ ಬಾಯಿಗೆ ಬೀಗ. ಹಲಸೂರಿನಲ್ಲಿ ಬಸ್ಸು ಹತ್ತಿ, ಕಂಡಕ್ಟರು "ಎಲ್ಲಿಗ್ ಗುರು?" ಎಂದರೆ ನಾನು ಕಿಟಕಿ ನೋಡುತ್ತಿದ್ದೆ. ಹಿಂದಿನಿಂದ ಫಿಜಿ, "ಎರಡು ಕೊಡಿ ಸಾರ್, ಕೆ.ಆರ್. ಪುರ," ಎನ್ನುತ್ತಿದ್ದ. ಕಂಡಕ್ಟರು ನನ್ನನ್ನು ಮೂಗನೆಂದುಕೊಂಡು ಸೀಟು ಬಿಡಿಸಿಕೊಟ್ಟರು. ನಾನು ಕೂತೂ ಕೂತೆ.

ಜೊತೆಗಾರನಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: "ಬರೋ ಭಾನುವಾರವೂ ಹೀಗಾದ್ರೆ ನನ್ನನ್ನ ಮನೆಗೆ ಕಳಿಸಿ ಅಂತ ಕೇಳ್ತೀನಿ." ತಮಾಷೆಗಲ್ಲ. ಮಾತೇ ನನ್ನ ಬಂಡವಾಳ. ಅದೇ ಹೋದರೆ ಎರಡು ವರ್ಷ ಏನು ಮಾಡಲಿ?

ಅವನು ಯೋಚಿಸಿ, "ಪರವಾಗಿಲ್ಲ," ಎಂದ. ಹೋಗುವುದು ಪರವಾಗಿಲ್ಲವೋ, ತಪ್ಪಿದ್ದು ಪರವಾಗಿಲ್ಲವೋ ಹೇಳಲಿಲ್ಲ. ಮಂಡಿಯೂರಿ ತನ್ನ ಭಾಷೆಯಲ್ಲಿ ಪುಟ್ಟದೊಂದು ಪ್ರಾರ್ಥನೆ ಮಾಡಿ ಎದ್ದ. ನಾನಾಗಿದ್ದರೆ ಅಷ್ಟು ಹೊತ್ತಿನಲ್ಲಿ ಪೀಠಿಕೆಯೂ ಮುಗಿಯುತ್ತಿರಲಿಲ್ಲ.

ಶನಿವಾರ ಕೆ.ಆರ್. ಪುರದ ಅಜ್ಜಿಯೊಬ್ಬರು ಊಟಕ್ಕೆ ಕರೆದಿದ್ದರು. ಕಂಡವರ ಬಾಗಿಲು ತಟ್ಟುವುದಿಲ್ಲ ನಾವು, ಕರೆದವರ ಮನೆಗಷ್ಟೇ ಹೋಗುತ್ತೇವೆ. ಅಜ್ಜಿ ನಮ್ಮ ಸಭೆಯವರೇ. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಮಷಿನ್ನಿನ ಸದ್ದಿಗೆ ಅವರ ಕಿವಿ ಅರ್ಧಕ್ಕರ್ಧ ಹೋಗಿತ್ತು. ತಟ್ಟೆಗೆ ಮುದ್ದೆ, ಬಸ್ಸಾರು ಬಂತು. ರೊಟ್ಟಿ ತಿಂದು ಬೆಳೆದ ನಾನು ಮುದ್ದೆ ಅಗಿಯಲು ಹೋಗಿ ಹಲ್ಲಿಗೆಲ್ಲ ಸಿಮೆಂಟು ಹಾಕಿಕೊಂಡೆ. ಫಿಜಿ ಒಂದೊಂದು ಉಂಡೆಯನ್ನೂ ಗುಳುಂ ಎನಿಸುತ್ತಿದ್ದ.

"ಹೋದ್ವಾರ ಯಾಕಪ್ಪಾ ಅರ್ಧಕ್ಕೇ ಬಿಟ್ಬಿಟ್ಟೆ?" ಅಂದರು ಅಜ್ಜಿ.

"ತಪ್ಪಾತು ಅಜ್ಜಿ. ಎಲ್ಲಾರ ಮುಂದ ಮಾನ ಹೋತು," ಎಂದೆ ಮೆಲ್ಲಗೆ.

"ಆಂ?"

"ಮಾನ ಹೋತು ಅಜ್ಜಿ!"

"ಜೋರಾಗ್ ಹೇಳೋ!"

"ನನ್ನ ಮಾನ ಹೋತು!" ಎಂದು ಕಿರುಚಿದೆ. ಎದುರುಮನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರು ಇಣುಕಿದರು. ಆಚೆ ಹಳಿಯ ಮೇಲೆ ಹೋಗುತ್ತಿದ್ದ ರೈಲು ಕೂಡ ಅನುಕಂಪದಿಂದ ಸೀಟಿ ಹೊಡೆಯಿತು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ನಿನ್ ಮಾನ ಯಾರಿಗ್ ಬೇಕೋ! ಮೊದ್ಲನೇ ಸಲ ನೀನ್ ಹೇಳ್ದಾಗ ನಂಗೆ ಬರೀ ಗುಂಯ್ ಅಂತು. ಇನ್ನೊಂದ್ಸಲ ಹೇಳ್ದೆ, ಅರ್ಧ ಸಿಕ್ತು. ಮತ್ತೊಂದ್ಸಲಕ್ಕೆ ಹತ್ತಿರ ಹತ್ತಿರ ಎಲ್ಲಾ ಸಿಕ್ತು ಕಣೋ. ಇಷ್ಟ್ ವರ್ಷದಲ್ಲಿ ಅದನ್ನ ನನ್ ಭಾಷೇಲಿ ಕೇಳಿದ್ದು ಅವತ್ತೇ. ಇನ್ನೂ ಹೇಳ್ತಾನೆ ಅಂತ ಕಿವಿ ಮುಂದಿಟ್ಕೊಂಡ್ ಕೂತ್ರೆ, ಆ ಇಂಗ್ಲಿಷ್ ಬಂದ್ಬಿಡ್ತು!"

ಬಾಯಲ್ಲಿದ್ದ ಮುದ್ದೆಯನ್ನು ನಾನೂ ಗುಳುಂ ಎಂದು ನುಂಗಿದೆ.

"ತಪ್ಪಿದ್ರೆ ಮತ್ತೆ ಹೇಳು ಅಂತಾರೆ. ಎದ್ದೋಗು ಅಂತ ಯಾರಾದ್ರೂ ಅಂದ್ರಾ? ದೇವ್ರು ಕಾಯ್ತಾನೆ, ನಾನೂ ಕಾಯ್ತೀನಿ. ನಿಂಗೇನಪ್ಪಾ ಅವಸರ? ನಾಳೆ ಮುಂದಿನ್ ಸಾಲಲ್ಲೇ ಕೂತ್ಕೋತೀನಿ. ಮಜ್ಜಿಗೆ ಕುಡಿ."

ಸಂಜೆ ಮನೆಗೆ ಬಂದು ಫಿಜಿಯ ಪಕ್ಕ ಮಂಡಿಯೂರಿದೆ. ಅದುವರೆಗೆ ನಾನು ಪ್ರಾರ್ಥಿಸಿದ್ದೆಲ್ಲ ಪಕ್ಕದವರು ಮೆಚ್ಚಲಿ ಎಂದೇ. ಆವತ್ತು ಮಾತ್ರ ಅವ್ವನ ಕನ್ನಡದಲ್ಲಿ, ಮೆಲ್ಲಗೆ, "ಯಪ್ಪಾ ದೇವ್ರ, ತಪ್ಪದಂಗ ಮಾಡು ಅನ್ನಂಗಿಲ್ಲ. ತಪ್ಪಿದ್ರ ಮತ್ತ ಶುರು ಮಾಡೂ ಧೈರ್ಯ ಕೊಡು," ಎಂದೆ. ಅಷ್ಟೇ. ಕರುಣಾಸಾಗರ ಬಾಗಿಲ ತನಕ ಬಂದಿದ್ದ, ನಾನು ಕರೆಯಲಿಲ್ಲ. ಎದೆ ಮೇಲೆ ಕೂತಿದ್ದ ಯಾರೋ ಎದ್ದು ಹೋದಂತಾಯಿತು.

ಭಾನುವಾರ ಅಜ್ಜಿ ಹೇಳಿದಂತೆ ಮುಂದಿನ ಸಾಲಿನಲ್ಲೇ ಇದ್ದರು. ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿ, ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆಗೆ ಕಾಯುವವರ ಹಾಗೆ ಕೂತಿದ್ದರು. ಮೈಕು ಬಂತು. ಓದಿದೆ. ಅರ್ಧದಲ್ಲಿ ಒಂದು ಪದ ಹಾರಿಹೋಯಿತು, ನನಗೇ ಗೊತ್ತಾಯಿತು. ಅಧ್ಯಕ್ಷರತ್ತ ನೋಡಿದೆ. ತಲೆ ಅಲ್ಲಾಡಿತು.

ಹೋದ ವಾರ ಇದೇ ತಲೆ ನನಗೆ ಗಲ್ಲುಗಂಬವಾಗಿ ಕಂಡಿತ್ತು. ಈಗ ನೋಡಿದರೆ ಅದು ಲೆಕ್ಕ ಬರೆದು ಸುಸ್ತಾದ, ಅರ್ಧ ಬೋಳಾದ, ನನ್ನನ್ನು ಇನ್ನೊಮ್ಮೆ ಕರೆಯುತ್ತಿದ್ದ ಒಂದು ತಲೆ. ಅಜ್ಜಿಯತ್ತ ನೋಡಿದೆ. ಅವರ ಮುಖ ಅರಳಿತ್ತು. ಅವರ ಪಾಲಿಗೆ ಇನ್ನೊಂದು ಹೋಳಿಗೆ ಬಿತ್ತಲ್ಲ! ಉಸಿರೆಳೆದು ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಮಾತುಗಳು ನನ್ನವಲ್ಲ, ನಾನು ಚಂದಗಾಣಿಸಬೇಕಾದ್ದಿಲ್ಲ, ಕೊಟ್ಟದ್ದನ್ನು ದಾಟಿಸಿದರೆ ಸಾಕು ಎಂದುಕೊಂಡಾಗ ಅಕ್ಷರಗಳು ಕಾರ್ಡಿನ ಮೇಲೆ ಸುಮ್ಮನೆ ಕೂತವು. ಕೊನೆಯ "ಆಮೆನ್" ಎಲ್ಲರದ್ದೂ ಒಟ್ಟಿಗೆ ಬಂತು. ಅಜ್ಜಿಯದು ಮಾತ್ರ ಕೊಂಚ ತಡವಾಗಿ, ಎಲ್ಲರಿಗಿಂತ ಜೋರಾಗಿ. ಅಧ್ಯಕ್ಷರು ತಲೆದೂಗಿದರು. ಮೊಣಕಾಲಿನಿಂದೇಳುವಾಗ ನಾನು ಗಾಳಿಪಟದಷ್ಟು ಹಗುರಾಗಿದ್ದೆ. ಫಿಜಿ ನನ್ನ ಅಂಗಿ ಹಿಡಿದುಕೊಳ್ಳದಿದ್ದರೆ ಫ್ಯಾನಿಗೆ ಸಿಕ್ಕಿಕೊಳ್ಳುತ್ತಿದ್ದೆ.

ನೈರೋಬಿಗೆ ವಾಪಸ್ ಹೋಗುವ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಅಜ್ಜಿ ನನ್ನ ಟೈ ಹಿಡಿದು ನಿಲ್ಲಿಸಿದರು. ಹೊಗಳಿಕೆ ಬರುತ್ತದೆ ಎಂದು ನಾನು ಎದೆ ಉಬ್ಬಿಸಿದೆ. ಅಷ್ಟು ಬೇಗ ಬಿಡುವ ಚಟವೇ ಅದು?

"ಎರಡೇ ಸಲಕ್ಕೆ ಮುಗಿಸ್ಬಿಟ್ಟೆಯಲ್ಲೋ, ಜಿಪುಣ!" ಅಂದರು.

ಹಿಂದಿನಿಂದ ಫಿಜಿ, "ಪರವಾಗಿಲ್ಲ ಅಜ್ಜಿ," ಎಂದ.